ಮೇಲ್ದುಟಿಗೆ ಮೂರು ಕೈ

ಉಯೆನ್ ಎರಡನೆಯ ಸಲ ಎಣಿಸಿದಳು. ಅರವತ್ತಮೂರು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕಿಟಕಿಯಾಚೆ ಬಂದರಿನಲ್ಲಿ ಸಾಲಾಗಿ ನಿಂತ ನೀಲಿ ದೋಣಿಗಳನ್ನು ಸ್ವಲ್ಪ ಹೊತ್ತು ನೋಡಿ, ದಣಿವು ಆರಿದ ಮೇಲೆ ಮೂರನೆಯ ಸಲ ಎಣಿಸಿದಳು. ಅರವತ್ತಮೂರೇ.

ಎಳ್ಳಿಗಿಂತ ಚಿಕ್ಕ ಚೂರು. ಅಜ್ಜಮ್ಮನ ಮೂರ್ತಿಯ ಮೂಗಿಗೂ ಬಾಯಿಗೂ ನಡುವಿನಿಂದ ನಿನ್ನೆ ತೆಗೆದದ್ದು. ಅದನ್ನು ರಾಳದಲ್ಲಿ ಹುದುಗಿಸಿ, ಅಡ್ಡಕ್ಕೆ ಉಜ್ಜಿ ನಯಮಾಡಿ ಮಸೂರದ ಕೆಳಗಿಟ್ಟರೆ ಬಳಿದ ಬಣ್ಣಗಳೆಲ್ಲ ಮಡಿಸಿಟ್ಟ ಬಟ್ಟೆಗಳ ಹಾಗೆ ಒಂದರ ಮೇಲೊಂದು ಕಾಣುತ್ತವೆ. ತಳದಲ್ಲಿ ಬೆಳ್ಳಗಿನ ಸುಣ್ಣ. ಮೇಲೆ ಗುಲಾಬಿ, ಕೆನೆ, ಮತ್ತೆ ಗುಲಾಬಿ ಬಣ್ಣದ ದೋಣಿಯ ಪೇಂಟು. ಬೆಸ್ತರಕೇರಿಯಲ್ಲಿ ಪೇಂಟು ಎಂದರೆ ದೋಣಿಯ ಪೇಂಟೇ. ಉಪ್ಪುನೀರಿಗೂ ಜಗ್ಗದ ಆ ಪೇಂಟಿಗಿಂತ ಒಳ್ಳೆಯದು ತಮ್ಮಲ್ಲಿಲ್ಲವೆಂದು ಅದನ್ನೇ ದೇವರಿಗೂ ಬಳಿದಿದ್ದರು. ಒಂದು ಸಲದ ಬಣ್ಣಕ್ಕೂ ಮುಂದಿನ ಸಲದ ಬಣ್ಣಕ್ಕೂ ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ಅದು ಊದುಬತ್ತಿಯ ಮಸಿ.

ತಿಂಗಳ ಹಿಂದೆ ಕೆನ್ನೆಯಿಂದ ತೆಗೆದ ಚೂರಿನಲ್ಲಿ ಇದ್ದದ್ದು ಇಪ್ಪತ್ತೊಂದು ಪದರ. ಒಂದೊಂದಕ್ಕೆ ಒಂದೊಂದು ಮಸಿಗೆರೆ. ಮೂರು ವರ್ಷಕ್ಕೊಮ್ಮೆ ಬಣ್ಣ, ಅರವತ್ತಮೂರು ವರ್ಷ. ಲೆಕ್ಕ ಸರಿಯಾಗಿತ್ತು. ತುಟಿಯ ಚೂರಿನಲ್ಲೂ ಮಸಿಗೆರೆಗಳು ಇಪ್ಪತ್ತೊಂದೇ. ಆದರೆ ಎರಡು ಗೆರೆಗಳ ನಡುವೆ ಬಣ್ಣ ಒಂದಲ್ಲ, ಮೂರು. ಮೂರು ಪದರ, ಮಸಿ. ಮೂರು ಪದರ, ಮಸಿ. ತಳದಿಂದ ತುದಿಯವರೆಗೆ ಒಂದು ಸಲವೂ ತಪ್ಪಿಲ್ಲ. ಅಕಸ್ಮಾತ್ತು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ ಎಂಬುದು ರಸಾಯನಶಾಸ್ತ್ರ ಓದಿದ ಉಯೆನ್‌ಗೆ ಗೊತ್ತಿತ್ತು. ಯಾರೋ ಬೇಕೆಂದೇ ಅಲ್ಲಿ ಮೂರು ಸಲ ಬಳಿದಿದ್ದರು.

ಅವಳು ಎದ್ದು ಮೇಜಿನ ಮೇಲಿದ್ದ ಮೂರ್ತಿಯ ಬಳಿ ಹೋದಳು. ತಲೆಯಿಂದ ಭುಜದವರೆಗೆ, ನೂರಾರು ವರ್ಷಗಳ ಹಿಂದೆ ಈ ಕರಾವಳಿಯನ್ನಾಳಿದ ಚಾಮ್ ರಾಜರ ಕಾಲದ ಮರಳುಗಲ್ಲು. ಅದರ ಕೆಳಗೆ ಕೇರಿಯವರು ಕಟ್ಟಿದ ಸಿಮೆಂಟಿನ ಮೈ. ಕೆನ್ನೆಗಳ ಮೇಲಿನ ಪೇಂಟನ್ನು ಅವಳು ಈಗಾಗಲೇ ಬಿಡಿಸಿದ್ದಳು. ಬಾಯಿಯ ಎಡಮೂಲೆಯಲ್ಲಿ ಹೆಬ್ಬೆರಳಿನುಗುರಿನಷ್ಟು ಜಾಗ ಗುರುತಿಸಿ, ದ್ರಾವಣ ಹಚ್ಚಿ, ಸಣ್ಣ ಚಾಕುವಿನಿಂದ ಪದರ ಪದರವಾಗಿ ಎಬ್ಬಿಸತೊಡಗಿದಳು. ಪೇಂಟು ಹೋಯಿತು, ಸುಣ್ಣ ಹೋಯಿತು. ಗಂಟೆ ಹತ್ತಾಗುವಾಗ ಕಲ್ಲು ಕಂಡಿತು. ಕಲ್ಲಿನಲ್ಲಿ ಮೇಲಕ್ಕೆ ಸುರುಳಿಯಾಗಿ ತಿರುಗಿದ, ಒಂದೊಂದು ಕೂದಲನ್ನೂ ಗೀಚಿ ತೋರಿಸಿದ, ದಪ್ಪನೆಯ ಮೀಸೆಯ ತುದಿಯೊಂದು ಕಂಡಿತು.

ಉಯೆನ್ ಚಾಕು ಕೆಳಗಿಟ್ಟಳು. ತಲೆಯ ಮೇಲೆ ಎತ್ತಿಕಟ್ಟಿದ ಜಟೆ, ಕಿವಿಯ ದಪ್ಪ ಓಲೆ, ಈಗ ಈ ಮೀಸೆ. ಪುಸ್ತಕ ತೆರೆಯಬೇಕಾಗಿರಲಿಲ್ಲ. ಅಜ್ಜಮ್ಮ ಶಿವನಾಗಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಅವಳು ಒದ್ದೆ ಕಾಗದದ ತಿರುಳನ್ನು ಹಿಡಿಯಷ್ಟು ತೆಗೆದು ತುಟಿಯ ಮೇಲೆ ಮೆತ್ತಿದಳು. ಉಪ್ಪು ಹೀರಲೆಂದು ದಿನವೂ ಮೆತ್ತುವ ತಿರುಳೇ ಆದ್ದರಿಂದ ಒಳಗೆ ಬಂದ ಸಂಗ್ರಹಾಲಯದ ನಿರ್ದೇಶಕ ಖಿಯೆಮ್‌ಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

"ಏನಮ್ಮಾ, ಅಜ್ಜಮ್ಮನಿಗೆ ಹಲ್ಲುನೋವಾ?" ಎಂದು ನಕ್ಕು, ಕುರ್ಚಿ ಎಳೆದುಕೊಂಡು ಕುಳಿತರು. "ವರದಿ ಎಲ್ಲೀವರೆಗೆ ಬಂತು?"

"ನಾಡಿದ್ದು ಕೊಡ್ತೀನಿ, ಸರ್."

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೊದಲೆಲ್ಲ ಪ್ರವಾಸಿಗರ ವ್ಯಾನು ಜೋಡಿಗೋಪುರ, ವಿಹಾರ, ಚರ್ಚು ಮುಗಿಸಿ ಸೀದಾ ಊಟಕ್ಕೆ ಹೋಗ್ತಿತ್ತು. ನಮ್ಮ ಬಾಗಿಲ ಮುಂದೆ ಸ್ಲೋ ಕೂಡಾ ಮಾಡ್ತಿರ್ಲಿಲ್ಲ. ಈಗ ಅಜ್ಜಮ್ಮನ್ನ ರಿಪೇರಿ ಮಾಡೋದು ಗಾಜಿನಾಚೆಯಿಂದ ನೋಡ್ಬೇಕು ಅಂತ ಇಳೀತಾರೆ. ಅದು ಹೋಗ್ಲಿ. ಕೇರಿಯ ಗುಡಿಯ ಸೂರನ್ನ ಒಂದು ಚಂಡಮಾರುತ ಹಾರಿಸ್ಕೊಂಡು ಹೋಯ್ತು. ಮುಂದಿನ ಚಂಡಮಾರುತ ಅಡ್ರೆಸ್ ಮರೆತುಬಿಡುತ್ತಾ?" ಅವರು ಬೆರಳೆತ್ತಿದರು. "ಕಲ್ಲಿಗೆ ಉಪ್ಪು ಹತ್ತಿದೆ, ಮರಳಿಸಲು ಯೋಗ್ಯವಲ್ಲ ಅಂತ ಒಂದೇ ಸಾಲು ಬರೆದ್ರೆ ಸಾಕು. ಇಲ್ಲೇ ಇರ್ತಾಳೆ. ಯೋಗ್ಯ ಅಂತ ಬರೆದ್ರೆ ಕೇರಿಯವರ ಜೊತೆಗಿನ ಕರಾರಿನ ಪ್ರಕಾರ ಇಪ್ಪತ್ತಮೂರಕ್ಕೆ ಮೊದಲು ಕಳಿಸ್ಲೇಬೇಕು. ನೀನು ಬರೆದದ್ದಕ್ಕೆ ನಾನು ಮುದ್ರೆ ಒತ್ತೋನು, ಅಷ್ಟೇ."

ಹಳೆಯ ಸುಂಕದ ಕಟ್ಟಡದಲ್ಲಿ ನಾಲ್ಕು ಕೋಣೆಗಳ ಸಂಗ್ರಹಾಲಯ ಅದು. ಉಯೆನ್ ಸ್ವತಂತ್ರವಾಗಿ ಬರೆಯಬೇಕಾಗಿದ್ದ ಮೊದಲ ವರದಿ ಅಜ್ಜಮ್ಮನದು. ಖಿಯೆಮ್ ಹೋದ ಮೇಲೆ ಅವಳು ನಮೂನೆಯ ಹಾಳೆ ತೆರೆದಳು. ಎರಡನೆಯ ಕಲಂ: ಯಾರ ಮೂರ್ತಿ? ಅಲ್ಲಿ ಒಂದು ಪದ ಬರೆದರೆ ಸಾಕು, ಹನ್ನೊಂದನೆಯ ಕಲಮಿನ ಯೋಗ್ಯ-ಅಯೋಗ್ಯದ ಪ್ರಶ್ನೆಯೇ ಏಳುವುದಿಲ್ಲ. ಇಷ್ಟು ಚೆನ್ನಾದ ಶಿವನ ಮುಖ ಈ ಕರಾವಳಿಯಲ್ಲಿ ಇನ್ನೊಂದಿಲ್ಲ. ಅದನ್ನು ತಗಡಿನ ಸೂರಿನ ಗುಡಿಗೆ ಯಾರೂ ವಾಪಸು ಕಳಿಸರು. ಬರೆಯದಿದ್ದರೆ ತಾನು ಕಣ್ಣಾರೆ ಕಂಡದ್ದನ್ನು ಬಚ್ಚಿಟ್ಟ ಹಾಗೆ. ಚಾಂದ್ರಮಾನದ ಮೂರನೆಯ ತಿಂಗಳ ಇಪ್ಪತ್ತಮೂರು ಅಜ್ಜಮ್ಮನಿಗೆ ಮೀಯಿಸಿ ಬಟ್ಟೆ ಬದಲಿಸುವ ದಿನ. ಇವತ್ತು ಹುಣ್ಣಿಮೆ, ಹದಿನೈದು. ಎಂಟು ದಿನ ಉಳಿದಿತ್ತು.

ಹುಣ್ಣಿಮೆಯಾದ್ದರಿಂದ ಕೇರಿಯ ಹೆಂಗಸರು ಪೂಜೆಗೆ ಬಂದೇ ಬರುತ್ತಾರೆ ಎಂಬುದು ನೆನಪಾಗುವಷ್ಟರಲ್ಲಿ ಓಣಿಯಲ್ಲಿ ಲೂಳ ಗಂಟಲು ಕೇಳಿಸಿತು. ಮೀನು ಮಾರುವವಳ ಗಂಟಲು. ಕಲ್ಲಿನ ಗೋಡೆಗಳ ನಡುವೆ ಇನ್ನೂ ದೊಡ್ಡದಾಗುತ್ತಿತ್ತು.

"ಬೆಂಕಿ ಹಚ್ಚಲ್ಲ ಕಣಪ್ಪಾ, ಗೊತ್ತು! ಐದು ತಿಂಗಳಿಂದ ಹಚ್ಚದ ಬತ್ತಿ ಹಿಡ್ಕೊಂಡು ನಿಲ್ತಿದೀವಿ. ಬೇಯಿಸದ ಅನ್ನ ಬಡಿಸ್ದಂಗೆ. ಅಜ್ಜಮ್ಮ ಒಂದಿನ ನಿನ್ನೇ ಕೇಳ್ತಾಳೆ, ನೋಡ್ತಿರು!"

ಕಾವಲುಗಾರ ಏನೋ ಗೊಣಗಿದ. ಇಬ್ಬರು ಹೆಂಗಸರು ಒಳಬಂದರು. ಮುಂದೆ ಗುಡಿ ನೋಡಿಕೊಳ್ಳುವ ನ್ಯಾನ್. ಎಪ್ಪತ್ತೊಂದು ವರ್ಷ, ಒಣಗಿಸಿದ ಮೀನಿನ ಹಾಗೆ ತೆಳ್ಳಗೆ, ನೆಟ್ಟಗೆ. ಹಿಂದೆ ಸೇವಂತಿಗೆಯ ಬುಟ್ಟಿ ಹೊತ್ತ ಲೂ.

ನ್ಯಾನ್ ಕೈಮುಗಿದು, ಮೂರ್ತಿಯ ಕೆನ್ನೆಯ ಮೇಲಿನ ಗುಳಿಗಳನ್ನು ದೂರದಿಂದಲೇ ನೋಡಿದಳು. ದೋಣಿಯ ಪೇಂಟು ಕಲ್ಲನ್ನು ಉಸಿರಾಡಲು ಬಿಡದೆ, ಒಳಗಿನ ಉಪ್ಪು ಹರಳುಗಟ್ಟಿ ಆದ ಗುಳಿಗಳು ಅವು.

"ಕೆನ್ನೆ ವಾಸಿ ಆಗ್ತಿದೆ ಅಲ್ವಾ? ನೀನು ಹೇಳಿದ್ಯಲ್ಲ ಆವತ್ತು, ನಾವು ಬಳಿದಿದ್ದೇ ಹೀಗ್ಮಾಡಿದ್ದು ಅಂತ. ಆವತ್ತು ನನಗೆ ಅನ್ನ ಇಳೀಲಿಲ್ಲ. ಪಾಪ, ಇಷ್ಟು ವರ್ಷ ಮಳೆಕೋಟು ತೊಡಿಸಿ ಬಿಸಿಲಲ್ಲಿ ಕೂರಿಸ್ದಂಗಾಯ್ತು. ಈ ಸಲ ಸುಣ್ಣಾನೇ ಬಳಿಯೋದು, ನಮ್ಮತ್ತೆ ಕಾಲದಲ್ಲಿ ಬಳೀತಿದ್ದಂಗೆ. ಹೊಸ ಸೂರು ಹೊದಿಸಾಯ್ತು. ಯಾವತ್ತು ಕಳಿಸ್ತೀರಿ?"

"ಚಿಕ್ಕಮ್ಮಾ, ಒಂದು ವಿಷಯ ಹೇಳ್ಬೇಕು. ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ. ಕೂತ್ರೆ ಎಬ್ಬಿಸೋಕೆ ಇನ್ನೊಬ್ರು ಬೇಕು."

ಹೇಗೆ ಶುರುಮಾಡುವುದೆಂದು ಉಯೆನ್‌ಗೆ ತಿಳಿಯಲಿಲ್ಲ. ಹಡೆಯಲಾರದೆ ಒದ್ದಾಡುವ ಸೊಸೆಯಂದಿರಿಗಾಗಿ, ಮುಟ್ಟು ನಿಂತ ಹೆಣ್ಣುಮಕ್ಕಳಿಗಾಗಿ, ಕಡಲಿಗೆ ಹೋದ ಗಂಡಂದಿರಿಗಾಗಿ ಈ ಹೆಂಗಸರು ಯಾರ ಕಾಲು ಹಿಡಿದಿದ್ದರೋ ಆಕೆ ಆಕೆಯೇ ಅಲ್ಲ ಎಂದು ಯಾವ ಬಾಯಿಂದ ಹೇಳುವುದು? ಅವಳು ಮಾತು ಬಿಟ್ಟು ಕೈಗೆ ಕೆಲಸ ಕೊಟ್ಟಳು. ತುಟಿಯ ಮೇಲಿನ ತಿರುಳನ್ನು ಮೆಲ್ಲಗೆ ಎಬ್ಬಿಸಿ, ದೀಪವನ್ನು ಹತ್ತಿರ ತಂದಳು.

ನ್ಯಾನ್ ಬಗ್ಗಿ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ತಿರುಗಿ ಬಾಗಿಲ ಬಳಿಗೆ ಹೋಗಿ ಅಗುಳಿ ಹಾಕಿ, ಗಾಜಿನ ಕಿಟಕಿಯ ಪರದೆ ಎಳೆದು ಬಂದಳು.

"ಯಾರ್ಯಾರು ನೋಡಿದ್ರು?"

"ನಾನೊಬ್ಬಳೇ."

ಅಷ್ಟರಲ್ಲಿ ಬುಟ್ಟಿ ಇಳಿಸಿ ಹತ್ತಿರ ಬಂದ ಲೂ ಬಾಯಿಗೆ ಸೆರಗಿನಂತೆ ತಲೆವಸ್ತ್ರ ಒತ್ತಿಕೊಂಡಳು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆಂದುಕೊಂಡಳು ಉಯೆನ್. ಅದು ನಗು.

"ಬಂತಾ ಹೊರಗೆ! ಎಷ್ಟು ಬಳಿದ್ರೂ ಬಂದೇಬಿಡ್ತಲ್ಲಪ್ಪಾ! ಅಯ್ಯೋ, ಮೀಯಿಸೋಕೆ ನಾನು ಸೇರೋ ಹೊತ್ತಿಗಾಗ್ಲೇ ಪೂರ್ತಿ ಮುಚ್ಚಿತ್ತು. ಕಣ್ಣಲ್ಲಿ ನೋಡಿದ್ದು ಇವತ್ತೇ. ನಮ್ಮೆಜಮಾನ್ರದ್ದಕ್ಕಿಂತ ಚೆನ್ನಾಗಿದೆ."

"ಮುಚ್ಚೇ ಬಾಯಿ," ಎಂದಳು ನ್ಯಾನ್. ಆದರೆ ಅವಳ ತುಟಿಯೂ ಒಂದು ಕಡೆಗೆ ಸರಿದಿತ್ತು.

"ನಿಮಗೆ ಗೊತ್ತಿತ್ತಾ?" ಉಯೆನ್ ಕೇಳಿದಳು.

"ಮೀಯಿಸೋರಿಗೆ ಗೊತ್ತಿರಲ್ವೇನೇ, ಹುಚ್ಚಿ? ಮೈ ತೊಳೆಯೋ ಕೈಗೆ ಗೊತ್ತಾಗದೇ ಇರೋದು ಏನಿರುತ್ತೆ? ಗಂಡಸರನ್ನ ಹೊರಗಿಟ್ಟು ಪರದೆ ಕಟ್ಟೋದು ಮತ್ಯಾಕೆ ಅಂದ್ಕೊಂಡೆ, ಸಿಮೆಂಟಿನ ಮೈಗೆ ನಾಚಿಕೆ ಅಂತಾನಾ?"

ನ್ಯಾನ್ ಕೊನೆಗೂ ಕುಳಿತಳು. ಸೊಂಟದ ಚೀಲದಿಂದ ವೀಳ್ಯದೆಲೆ ತೆಗೆದು ಸುಣ್ಣ ಹಚ್ಚುತ್ತ ಹೇಳಿದಳು.

"ನಮ್ಮತ್ತೆ ಹೇಳಿದ್ದು. ಅಜ್ಜಮ್ಮ ಸಿಕ್ಕ ವರ್ಷ ಒಂದೇ ಗಾಳೀಲಿ ಕೇರಿಯ ಹನ್ನೊಂದು ಗಂಡಸರು ಹೋದ್ರು. ಹೆಣ ಬಂದಿದ್ದು ನಾಲ್ಕೇ. ಉಳಿದ ಏಳು ಜನರನ್ನ ಹುಡುಕೋಕೆ ಹಿನ್ನೀರಿಗೆ ಬಲೆ ಬಿಟ್ಟಾಗ ಈ ತಲೆ ಸಿಕ್ತು, ಕೆಸರು ಮೆತ್ಕೊಂಡು. ತೊಳೆಯೋಕೆ ಕೊಟ್ಟಿದ್ದು ಹೆಂಗಸರ ಕೈಗೆ. ತೊಳೆದ್ರು, ನೋಡಿದ್ರು. ಹೊರಗೆ ಗಂಡಸರು ಯಾವ ದೇವ್ರು, ಯಾವ ದೇವ್ರು ಅಂತ ಕೂಗ್ತಿದ್ರಂತೆ. ನಮ್ಮತ್ತೆ ಅಂದ್ಕೊಂಡ್ಳಂತೆ: ಗಂಡು ದೇವ್ರಾದ್ರೆ ಇವನೂ ಒಂದಿನ ದೋಣಿ ಹತ್ತಿ ಹೋಗಿಬಿಡ್ತಾನೆ. ನಮಗೆ ಮನೇಲಿ ಕೂತು ಕಾಯೋಳು ಬೇಕು. ವೀಳ್ಯದ ಸುಣ್ಣ ತಗೊಂಡು ತುಟಿ ಮೇಲೆ ಮೂರು ಸಲ ಬಳಿದು, ಪರದೆ ಸರಿಸಿ, ಅಜ್ಜಮ್ಮ ಬಂದಿದಾಳೆ ಅಂದ್ಳು. ಆವತ್ತಿಂದ ಮುಖಕ್ಕೆ ಒಂದು ಕೈ, ಮೇಲ್ದುಟಿಗೆ ಮೂರು ಕೈ. ಹಂಗೇ ನಡ್ಕೊಂಡು ಬಂತು."

"ಆಮೇಲೆ ಯಾರಿಗೂ ಅನುಮಾನ ಬರ್ಲಿಲ್ವಾ? ಅಂದ್ರೆ, ನಿಮಗೇ... ಬೇಡಿಕೊಳ್ಳುವಾಗ?"

ನ್ಯಾನ್ ಎಲೆಯನ್ನು ದವಡೆಗೆ ಸೇರಿಸಿ ಯೋಚಿಸಿದಳು. "ಅರವತ್ತು ವರ್ಷ ಅಜ್ಜಮ್ಮಾ ಅಜ್ಜಮ್ಮಾ ಅಂತ ಕರೆಸ್ಕೊಂಡು, ಬಸುರಿ ಬಾಣಂತಿಯರ ಗೋಳೆಲ್ಲ ಕೇಳಿ ಕೇಳಿ, ಯಾವ ಗಂಡಸು ಗಂಡಸಾಗಿ ಉಳೀತಾನೆ ಹೇಳು? ಈಗ ಅವಳು ಅಜ್ಜಮ್ಮಾನೇ."

ಲೂ ಸೇವಂತಿಗೆಗಳನ್ನು ಗಾಜಿನ ಬೀಕರಿನಲ್ಲಿ ಜೋಡಿಸುತ್ತಿದ್ದಳು. ನ್ಯಾನ್ ಮೇಜಿನ ಮೇಲಿನ ನಮೂನೆಯ ಹಾಳೆಯನ್ನು ಕಣ್ಣಿನಲ್ಲೇ ತೋರಿಸಿದಳು. "ಅದರಲ್ಲಿ ಬರೀತೀಯಾ?"

"ಸುಳ್ಳು ಬರೆಯೋಕೆ ನನಗೆ ಬರಲ್ಲ, ಚಿಕ್ಕಮ್ಮಾ."

"ಸುಳ್ಳು ಬರಿ ಅಂತ ಯಾರಂದ್ರು? ನಾವೂ ಯಾರಿಗೂ ಸುಳ್ಳು ಹೇಳ್ಲಿಲ್ಲ. ಆದ್ರೆ ಪರದೆ ಒಳಗಿನ ಮಾತು ಪರದೆ ಒಳಗೇ. ಹೊರಗಿನವಳಾದ್ರೆ ನಿನ್ನ ಬಾಯಿಗೆ ನಾನು ಬೀಗ ಹಾಕೋಕಾಗಲ್ಲ. ಒಳಗಿನವಳಾದ್ರೆ ಬೀಗ ತಾನೇ ಬೀಳುತ್ತೆ. ಅವಳನ್ನೇ ಕೇಳೋಣ ತಡಿ."

ಅವಳು ಚೀಲದಿಂದ ಹಳೆಯ ತೂತಿನ ನಾಣ್ಯಗಳೆರಡನ್ನು ತೆಗೆದು, ಒಂದೊಂದರ ಒಂದು ಮುಖಕ್ಕೆ ಬೆರಳಿನಿಂದ ಸುಣ್ಣ ಸವರಿದಳು. ಉಯೆನ್ ತನ್ನ ಪಿಂಗಾಣಿ ತಟ್ಟೆಯೊಂದನ್ನು ಒರೆಸಿ ಕೊಟ್ಟಳು. ಒಂದು ಬಿಳಿ ಒಂದು ಕಪ್ಪು ಬಿದ್ದರೆ ಒಪ್ಪಿಗೆ. ಎರಡೂ ಕಪ್ಪಾದರೆ ಇಲ್ಲ. ಎರಡೂ ಬಿಳಿಯಾದರೆ ನಗುತ್ತಿದ್ದಾಳೆ. ಎರಡರಲ್ಲಿ ಯಾವುದು ಬಿದ್ದರೂ ಮೂರು ಸಲದವರೆಗೆ ಕೇಳಬಹುದು. ಮೂರು ಸಲದೊಳಗೆ ಒಪ್ಪಿಗೆ ಸಿಗುವ ಸಂಭವ ಎಂಟರಲ್ಲಿ ಏಳು ಎಂದು ಉಯೆನ್‌ನ ತಲೆ ತಾನಾಗಿ ಲೆಕ್ಕ ಹಾಕಿತು. ಆದರೂ ಅವಳು ತಟ್ಟೆಯನ್ನು ಇನ್ನೊಮ್ಮೆ ಒರೆಸಿದಳು.

"ಅಜ್ಜಮ್ಮಾ, ಈ ಹುಡುಗಿ ಐದು ತಿಂಗಳು ನಿನ್ನ ಉಪ್ಪು ತೆಗೆದಿದಾಳೆ. ಪರದೆ ಒಳಗೆ ಕರ್ಕೊಳ್ಲಾ?"

ನಾಣ್ಯಗಳು ತಟ್ಟೆಯಲ್ಲಿ ಟಣ್ಣನೆ ಕುಣಿದು ನಿಂತವು. ಎರಡೂ ಬಿಳಿ.

"ನಗ್ತಿದಾಳೆ," ಎಂದಳು ಲೂ. "ಮೂವತ್ತಾರಾದ್ರೂ ಮದುವೆ ಆಗದೋಳು, ಮೀಸೆ ನೋಡಿ ಹೆದರ್ಕೊಂಡಿದಾಳೆ ಅಂತ."

"ಲೂ!"

ಎರಡನೆಯ ಸಲ ಒಂದು ನಾಣ್ಯ ಕಪ್ಪಾಗಿ ಬಿತ್ತು. ಇನ್ನೊಂದು ತಟ್ಟೆಯ ಅಂಚಿನ ಸುತ್ತ ಉರುಳುತ್ತ ಹೋಗಿ, ಮೂವರೂ ಉಸಿರು ಹಿಡಿದು ನೋಡುತ್ತಿರುವಾಗ, ಮೆಲ್ಲಗೆ ಬಿಳಿಯ ಮುಖ ಮೇಲೆ ಮಾಡಿ ಮಲಗಿತು.

"ಆಯ್ತು," ಎಂದು ನ್ಯಾನ್ ನಾಣ್ಯಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. "ಇಪ್ಪತ್ತಮೂರರ ಬೆಳಗ್ಗೆ ತಲೆ ಸ್ನಾನ ಮಾಡ್ಕೊಂಡು ಬಾ. ಅಜ್ಜಮ್ಮ ಜೊತೇಲಿ ಬಂದ್ರೆ ಒಳ್ಳೇದು. ಬರದೇ ಇದ್ರೂ ನೀನು ಬಾ."

ಆ ಕೊನೆಯ ಮಾತು ಉಯೆನ್‌ಳನ್ನು ಎರಡು ದಿನ ಕಾಡಿತು. ನ್ಯಾನ್ ಒತ್ತಾಯಿಸಿದ್ದರೆ ವಾದಿಸಬಹುದಾಗಿತ್ತು. ಅವಳು ವರದಿಯನ್ನು ನಾಲ್ಕು ಸಲ ಬರೆದು ಹರಿದಳು. ಐದನೆಯದರಲ್ಲಿ, ಯಾರ ಮೂರ್ತಿ ಎಂಬಲ್ಲಿ, ಪೂಜಿಸುವವರ ಪ್ರಕಾರ ಅಜ್ಜಮ್ಮ ಎಂದು ಬರೆದಳು. ಮುಂದುವರಿದು: ಮೇಲ್ದುಟಿಯ ಮೇಲೆ ಅರವತ್ತಮೂರು ಪದರಗಳಿವೆ. ಇವನ್ನು ಪೂಜಿಸುವ ಹೆಂಗಸರು ಉದ್ದೇಶಪೂರ್ವಕವಾಗಿ, ನಿಯಮ ತಪ್ಪದೆ ಬಳಿದಿದ್ದಾರೆ. ಕೆಳಗಿನ ಕೆತ್ತನೆಯಷ್ಟೇ ಇವೂ ಮೂರ್ತಿಯ ಚರಿತ್ರೆ. ಪರೀಕ್ಷೆಗಾಗಿ ತೆರೆದ ಕಿಂಡಿಯನ್ನು ಸುಣ್ಣದಿಂದ ಮುಚ್ಚಬೇಕು, ಉಳಿದದ್ದನ್ನು ತೆಗೆಯಬಾರದು. ಉಪ್ಪಿನ ಪ್ರಮಾಣ ಐದು ತಿಂಗಳಲ್ಲಿ ಹತ್ತನೆಯ ಒಂದು ಪಾಲಿಗೆ ಇಳಿದಿದೆ. ಇನ್ನು ಮುಂದೆ ಸುಣ್ಣವನ್ನಷ್ಟೇ ಬಳಿಯುವ ಷರತ್ತಿನ ಮೇಲೆ, ವರ್ಷಕ್ಕೊಮ್ಮೆ ನನ್ನ ತಪಾಸಣೆಯೊಂದಿಗೆ, ಮರಳಿಸಲು ಯೋಗ್ಯ.

ಪ್ರತಿಯೊಂದು ಸಾಲನ್ನೂ ಓದಿ, ನಿಜ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕೆಯಿಟ್ಟಳು. ಆಮೇಲೆ ಸಹಿ.

ಖಿಯೆಮ್ ಪೂರ್ತಿ ಓದಿ ಕನ್ನಡಕ ತೆಗೆದರು. "ಕಿಂಡಿಯೊಳಗೆ ಏನು ಕಾಣ್ತು?"

"ಕಲ್ಲು, ಸರ್. ಚೆನ್ನಾಗಿದೆ. ಕೊಳೆತಿಲ್ಲ."

"ಕಲ್ಲು." ಅವರು ಅವಳನ್ನು ದಿಟ್ಟಿಸಿದರು. "ಮೂವತ್ತು ವರ್ಷ ಈ ಕೆಲಸ ಮಾಡಿದೀನಿ. ಕಲ್ಲು ಅನ್ನುವಾಗ ಕಿವಿ ಕೆಂಪಾಗೋರನ್ನ ನೋಡಿದ್ದು ಇದೇ ಮೊದಲು."

ಅವರು ವರದಿಗೆ ಲಗತ್ತಿಸಿದ್ದ ಚಿತ್ರವನ್ನು ಕೈಗೆತ್ತಿಕೊಂಡರು. ನೂರು ಪಟ್ಟು ಹಿಗ್ಗಿಸಿದ ಚೂರು: ಬಿಳಿ, ಗುಲಾಬಿ, ಕೆನೆಯ ಪಟ್ಟೆಗಳು, ನಡುನಡುವೆ ಮಸಿಯ ಗೆರೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಡ್ಡ ತಿರುಗಿಸಿ, ಉದ್ದ ತಿರುಗಿಸಿ ನೋಡಿದರು.

"ರೇಷ್ಮೆ ನೇಯ್ದ ಹಾಗಿದೆಯಲ್ಲೇ! ಇದನ್ನ ಗೋಡೆಯಷ್ಟು ದೊಡ್ಡದು ಮಾಡಿ ಮೊದಲ ಕೋಣೇಲಿ ಹಾಕಿದ್ರೆ? ಅರವತ್ತಮೂರು ವರ್ಷದ ಭಕ್ತಿ, ಒಂದು ಎಳ್ಳುಕಾಳಲ್ಲಿ. ವ್ಯಾನಿನವರು ಇಳೀತಾರಾ?"

"ಇಳೀತಾರೆ ಸರ್. ನಾನೇ ನಿಂತು ವಿವರಿಸ್ತೀನಿ."

"ತುಟಿಯ ಮೇಲೆ ಯಾಕೆ ಮೂರು ಪಟ್ಟು ಅಂತ ಕೇಳಿದ್ರೆ?"

"ದೇವರ ಬಾಯಿಗೆ ಮುಖಕ್ಕಿಂತ ಉಪಚಾರ ಜಾಸ್ತಿ ಅಂತ ಬೇಕಾದ್ರೆ ನೀವೇ ಏನಾದ್ರೂ ಹೇಳಿ, ಸರ್. ನನಗೆ ಕಥೆ ಕಟ್ಟೋಕೆ ಬರಲ್ಲ."

ಖಿಯೆಮ್ ದೊಡ್ಡದಾಗಿ ನಕ್ಕು, ಡ್ರಾಯರಿನಿಂದ ಮುದ್ರೆ ತೆಗೆದು ಅದರ ಮೇಲೆ ಒಮ್ಮೆ ಊದಿ ಒತ್ತಿದರು.

ಇಪ್ಪತ್ತಮೂರರ ಬೆಳಗ್ಗೆ ಕೇರಿಯ ಗುಡಿಯಲ್ಲಿ ಪರದೆ ಕಟ್ಟಿತ್ತು. ಹೊಸ ತಗಡಿನ ಸೂರು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಹೊರಗೆ ಗಂಡಸರು ತಮಟೆ ಸಜ್ಜುಮಾಡಿಕೊಂಡು ಕಾಯುತ್ತಿದ್ದರು. ಒಳಗೆ ಏಳು ಹೆಂಗಸರು, ಎಂಟನೆಯವಳು ಉಯೆನ್. ಮಲ್ಲಿಗೆ ಹಾಕಿದ ನೀರಿನಲ್ಲಿ ಅಜ್ಜಮ್ಮನಿಗೆ ಸ್ನಾನ ಮಾಡಿಸಿದರು. ಎರಡು ವಾರದ ಹಿಂದೆಯೇ ನೆನೆಹಾಕಿ, ಮೂರು ಸಲ ಸೋಸಿ, ಹಾಲಿನ ಹದಕ್ಕೆ ತಂದ ಸುಣ್ಣವನ್ನು ನ್ಯಾನ್ ಮುಖಕ್ಕೆ ಒಂದು ಕೈ ಬಳಿದು, ಕುಂಚವನ್ನು ಉಯೆನ್‌ಳ ಕೈಗೆ ಕೊಟ್ಟಳು.

"ತುಟಿ ನಿನ್ನದು. ಮೂರು ಸಲ. ಕೈ ನಡುಗಿಸ್ಬೇಡ."

ಉಯೆನ್ ಬಳಿದಳು. ಒಂದು, ಎರಡು, ಮೂರು. ಹಿಂದೆ ಸರಿದು ನೋಡಿದರೆ ಏನೂ ಇಲ್ಲ. ಒದ್ದೆ ಸುಣ್ಣ ನೀರಿನ ಹಾಗೆ ಪಾರದರ್ಶಕವಾಗಿ, ಕಲ್ಲು ಕಪ್ಪಾಗಿ, ಸುರುಳಿ ಮೀಸೆಯ ತುದಿ ಎಣ್ಣೆ ಹಚ್ಚಿ ತೀಡಿದಷ್ಟು ಸ್ಪಷ್ಟವಾಗಿ ಹೊಳೆಯುತ್ತಿತ್ತು.

"ಅಯ್ಯಯ್ಯೋ," ಎಂದಳು ಲೂ. "ಇನ್ನೂ ಎದ್ದು ಕಾಣ್ತಿದೆ! ಪೇಂಟೇ ವಾಸಿ ಇತ್ತು."

"ಒಣಗ್ಬೇಕು," ಎಂದಳು ಉಯೆನ್. "ಸುಣ್ಣ ಒಣಗಿದ ಮೇಲೇ ಬೆಳ್ಳಗಾಗೋದು. ಅವಸರ ಮಾಡಿದ್ರೆ ಪುಡಿ ಆಗುತ್ತೆ."

"ಎಷ್ಟೊತ್ತು?"

"ಗಾಳಿ ನೋಡ್ಕೊಂಡು. ಒಂದು ಗಂಟೆ?"

"ಒಳಗೆ ಆಯ್ತೇನ್ರೇ?" ಎಂದು ಹೊರಗಿನಿಂದ ಯಾರೋ ಗಂಡಸು ಕೂಗಿದ. "ಅಂಟಕ್ಕಿ ಅನ್ನ ತಣ್ಣಗಾಗ್ತಿದೆ!"

"ಅಜ್ಜಮ್ಮ ಇನ್ನೂ ತಲೆ ಒಣಗಿಸ್ಕೋತಿದಾಳೆ!" ಲೂ ತಿರುಗಿ ಕೂಗಿದಳು. "ಹೆಂಗಸರ ಸಿಂಗಾರ ಅಂದ್ರೆ ಅರ್ಧ ಗಳಿಗೆ ಕೆಲಸ ಅಂದ್ಕೊಂಡ್ಯಾ? ತಟ್ಟೆ ಇತ್ಲಾಗೆ ತಳ್ಳು, ಪರದೆ ಎತ್ಬೇಡ!"

ಪರದೆಯ ಅಡಿಯಿಂದ ಬಾಳೆಯೆಲೆ ಮುಚ್ಚಿದ ತಟ್ಟೆ ಒಳಗೆ ಸರಿದು ಬಂತು. ಹೆಂಗಸರು ಒದ್ದೆ ನೆಲವನ್ನು ಒರೆಸಿ ಸುತ್ತ ಕುಳಿತರು. ನ್ಯಾನ್‌ಗೆ ಉಯೆನ್ ಕೈಕೊಟ್ಟು ಕೂರಿಸಿದಳು. ಬೆರಳುಗಳಲ್ಲಿ ಅಂಟಕ್ಕಿ ಅನ್ನ ಉಂಡೆಮಾಡಿ ತಿನ್ನುತ್ತ, ಎಂಟು ಜೊತೆ ಕಣ್ಣುಗಳು ಅಜ್ಜಮ್ಮನ ಮುಖದ ಮೇಲಿದ್ದವು. ಕಡಲ ಕಡೆಯಿಂದ ಗಾಳಿ ಬಂದು ಪರದೆಯನ್ನು ಉಬ್ಬಿಸಿ ಬಿಟ್ಟಿತು. ಆಗ ಎಡಗಿವಿಯ ಅಂಚಿನಲ್ಲಿ, ಮೊದಲು ಒಂದು ಅಕ್ಕಿಕಾಳಿನಷ್ಟು, ಆಮೇಲೆ ಒಂದು ಎಲೆಯಷ್ಟು ಬಿಳುಪು ಕಾಣಿಸಿಕೊಂಡು, ಕೆನ್ನೆಯ ಗುಳಿಗಳನ್ನು ಒಂದೊಂದಾಗಿ ದಾಟುತ್ತ, ಮೆಲ್ಲಗೆ ತುಟಿಯ ಕಡೆಗೆ ಹರಡತೊಡಗಿತು.